ಸಿಂಗಾಪುರದಲ್ಲಿ ಊಟ ಎಲ್ಲಿ, ಎಷ್ಟಕ್ಕೆ? ಹಾಕರ್ ಸೆಂಟರ್‌ಗಳ ಒಳಹೊರಗು ಇಲ್ಲಿದೆ

ಸಿಂಗಾಪುರ ದುಬಾರಿ ನಗರ ಎಂಬ ಮಾತು ಸುಳ್ಳಲ್ಲ. ಹೋಟೆಲ್ ಕೋಣೆ, ಟ್ಯಾಕ್ಸಿ, ಪ್ರವೇಶ ಟಿಕೆಟ್ ಎಲ್ಲವೂ ಜೇಬಿಗೆ ಭಾರ. ಆದರೆ ಊಟದ ಲೆಕ್ಕವೇ ಬೇರೆ. ಇದೇ ನಗರದಲ್ಲಿ 4ರಿಂದ 6 ಸಿಂಗಾಪುರ ಡಾಲರ್‌ಗೆ, ಅಂದರೆ ಹೆಚ್ಚೂಕಡಿಮೆ 300–400 ರೂಪಾಯಿಗೆ, ಒಂದು ತಟ್ಟೆ ಬಿಸಿ ಊಟ ಸಿಗುತ್ತದೆ. ಅದೂ ಬಡಾವಣೆಯ ಮೂಲೆಯಲ್ಲಿ ಅಷ್ಟೇ ಅಲ್ಲ, ಬ್ಯಾಂಕ್‌ಗಳ ಗಗನಚುಂಬಿ ಕಟ್ಟಡಗಳ ಬುಡದಲ್ಲೂ.

ಇದು ಸಿಗುವ ಜಾಗದ ಹೆಸರು ಹಾಕರ್ ಸೆಂಟರ್. ನಮ್ಮಿಂದ ಹೋಗುವ ಬಹುತೇಕ ಪ್ಯಾಕೇಜ್ ಟೂರ್‌ಗಳು ಇಲ್ಲಿಗೆ ಕಾಲಿಡುವುದಿಲ್ಲ. ಮೊದಲೇ ಗೊತ್ತುಮಾಡಿದ ಇಂಡಿಯನ್ ರೆಸ್ಟೋರೆಂಟ್‌ನಲ್ಲಿ ಬಫೆ ಮುಗಿಸಿ ಬಸ್ ಹತ್ತಿಸುತ್ತವೆ. ಸ್ವಂತವಾಗಿ ಹೋಗುವವರಿಗೂ ಅಳುಕು ಇದ್ದೇ ಇರುತ್ತದೆ. ಯಾವ ಮಳಿಗೆ ಒಳ್ಳೆಯದು? ಸಸ್ಯಾಹಾರಿಗಳು ಏನು ತಿನ್ನಬೇಕು? ಸಾರಿನಲ್ಲಿ ಏನಿದೆಯೋ? ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಸಿಂಗಾಪುರದ ಅರ್ಧ ರುಚಿ ಕೈಗೆ ಸಿಕ್ಕಂತೆ. ಜೊತೆಗೆ, ಈ ಅಗ್ಗದ ಊಟ ಇನ್ನೆಷ್ಟು ವರ್ಷ ಹೀಗೇ ಇರುತ್ತದೆ ಎಂಬ ಪ್ರಶ್ನೆಯೂ ಇದೆ.

ಏನಿದು ಹಾಕರ್ ಸೆಂಟರ್?

ಮುಂಬೈ, ಪುಣೆಯವರಿಗೆ ಹಾಕರ್ ಎಂದರೆ ಫುಟ್‌ಪಾತ್ ವ್ಯಾಪಾರಿ. ಸಿಂಗಾಪುರದ ಹಾಕರ್‌ಗಳೂ ಹಿಂದೆ ರಸ್ತೆಯವರೇ. ಕೈಗಾಡಿಯಲ್ಲಿ ನೂಡಲ್ಸ್, ತಲೆಯ ಮೇಲಿನ ಬುಟ್ಟಿಯಲ್ಲಿ ತಿಂಡಿ ಮಾರುತ್ತಿದ್ದ ಚೀನಾ, ಮಲಯ ಮತ್ತು ಭಾರತ ಮೂಲದ ವಲಸಿಗರು ಅವರು. ನೀರು, ಚರಂಡಿ ಯಾವುದೂ ಇಲ್ಲದ ಕಾರಣ ಕಾಲರಾ, ಟೈಫಾಯಿಡ್ ಭೀತಿ ಇತ್ತು. 1965ರಲ್ಲಿ ದೇಶ ಸ್ವತಂತ್ರವಾದ ಮೇಲೆ, 1968–69ರಲ್ಲಿ ಸುಮಾರು 18,000 ಬೀದಿ ಹಾಕರ್‌ಗಳನ್ನು ನೋಂದಾಯಿಸಲಾಯಿತು. 1971ರಿಂದ ನಲ್ಲಿ ನೀರು, ವಿದ್ಯುತ್, ಒಳಚರಂಡಿ ಇರುವ ಸರ್ಕಾರಿ ಕಟ್ಟಡಗಳಿಗೆ ಅವರನ್ನು ಹಂತಹಂತವಾಗಿ ಸ್ಥಳಾಂತರಿಸಲಾಯಿತು. 1986ರ ಹೊತ್ತಿಗೆ ಈ ಕೆಲಸ ಮುಗಿದಿತ್ತು.

ಗಮನಿಸಬೇಕಾದ ಅಂಶ ಇದು: ಅವರನ್ನು ಎತ್ತಂಗಡಿ ಮಾಡಿ ಕೈಬಿಡಲಿಲ್ಲ, ಮಳಿಗೆ ಕೊಟ್ಟರು. ಇಂದು ಅಲ್ಲಿ 110ಕ್ಕೂ ಹೆಚ್ಚು ಹಾಕರ್ ಸೆಂಟರ್‌ಗಳಿವೆ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊರಗೆ ಊಟ ಮಾಡುವ ಜಾಗಗಳಲ್ಲಿ ಇನ್ನೂ ಎರಡು ಬಗೆ ಇವೆ. ವಸತಿ ಸಮುಚ್ಚಯಗಳ ನೆಲಮಹಡಿಯಲ್ಲಿರುವ ಸಣ್ಣ ಖಾಸಗಿ ಹೋಟೆಲಿಗೆ ಕೋಪಿತಿಯಾಮ್ ಎನ್ನುತ್ತಾರೆ. ಮಾಲ್‌ಗಳ ಒಳಗೆ ಎಸಿ ಇರುವುದು ಫುಡ್ ಕೋರ್ಟ್. ಸಾಮಾನ್ಯವಾಗಿ ಹಾಕರ್ ಸೆಂಟರ್ ಅಗ್ಗ, ಫುಡ್ ಕೋರ್ಟ್ ಸ್ವಲ್ಪ ದುಬಾರಿ. ಹಾಕರ್ ಸೆಂಟರ್‌ನಲ್ಲಿ ಎಸಿ ಇಲ್ಲ, ಫ್ಯಾನ್ ಇರುತ್ತದೆ. ಬೆವರಲು ಸಿದ್ಧರಾಗಿಯೇ ಹೋಗಿ.

ಯಾವುದಕ್ಕೆ ಎಲ್ಲಿಗೆ?

ಒಂದು ಸೂತ್ರ ನೆನಪಿಡಿ. ಹಾಕರ್ ಮಳಿಗೆ ಸಾಮಾನ್ಯವಾಗಿ ಒಂದೋ ಎರಡೋ ತಿನಿಸಿನಲ್ಲಿ ಪಳಗಿರುತ್ತದೆ. ಮೂವತ್ತು ವರ್ಷ ಒಂದೇ ಸಾರು ಕುದಿಸಿದವರು ಅಲ್ಲಿ ಸಾಮಾನ್ಯ. ಆದ್ದರಿಂದ ಮಳಿಗೆಯ ಹೆಸರಿಗಿಂತ, ಯಾವ ತಿನಿಸಿಗೆ ಯಾವ ಸೆಂಟರ್ ಎಂದು ತಿಳಿದುಕೊಳ್ಳುವುದು ಮುಖ್ಯ.

ಟೆಕ್ಕಾ ಸೆಂಟರ್: ಲಿಟಲ್ ಇಂಡಿಯಾ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇದೆ. ಕೆಳಗೆ ಮೀನು, ತರಕಾರಿ ಮಾರುಕಟ್ಟೆ ಮತ್ತು ಊಟದ ಮಳಿಗೆಗಳು. ಬಿದಿರು ಮೆಳೆಯ ಬುಡ ಎಂಬ ಅರ್ಥದ ಹೊಕ್ಕಿಯನ್ ಮಾತಿನಿಂದ ಈ ಹೆಸರು ಬಂದಿದೆ. ದೋಸೆ, ವಡೆ, ಇಡಿಯಪ್ಪ, ಪ್ರಾಟಾ, ತಮಿಳು ಮುಸ್ಲಿಮರ ಬಿರಿಯಾನಿ ಎಲ್ಲವೂ ಒಂದೇ ಸೂರಿನಡಿ. ಮೊದಲ ಬಾರಿ ಹೋಗುವ ಕನ್ನಡಿಗರಿಗೆ ಅಳುಕು ಬಿಡಿಸುವ ಜಾಗ ಇದು. ತಮಿಳು ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಚೆನ್ನೈನಲ್ಲಿ ಇದ್ದವರಿಗಂತೂ ಭಾಷೆಯ ತೊಂದರೆಯೇ ಇಲ್ಲ.

ಮ್ಯಾಕ್ಸ್‌ವೆಲ್: ಚೈನಾಟೌನ್ ಅಂಚಿನಲ್ಲಿದೆ, ಮ್ಯಾಕ್ಸ್‌ವೆಲ್ ಹೆಸರಿನದೇ ಮೆಟ್ರೋ ನಿಲ್ದಾಣವಿದೆ. ಹೈನಾನೀಸ್ ಚಿಕನ್ ರೈಸ್‌ಗೆ ಹೆಸರುವಾಸಿ. ಹದವಾಗಿ ಬೇಯಿಸಿದ ಕೋಳಿ, ಕೋಳಿ ಸಾರಿನಲ್ಲೇ ಬೆಂದ ಅನ್ನ, ಮೇಲೆ ಮೆಣಸಿನಕಾಯಿ–ಶುಂಠಿ ಚಟ್ನಿ. ನೋಡಲು ಸಪ್ಪೆ, ಆದರೆ ರುಚಿಯೆಲ್ಲ ಅನ್ನದಲ್ಲಿದೆ. ಇಲ್ಲಿನ ತಿಯಾನ್ ತಿಯಾನ್ ಮಳಿಗೆಯನ್ನು ಅಮೆರಿಕದ ಬಾಣಸಿಗ, ಟಿವಿ ನಿರೂಪಕ ಆಂಟನಿ ಬೋರ್ಡೈನ್ ಹೊಗಳಿದ ಮೇಲೆ ಸರದಿ ಸಾಲು ಕರಗಿದ್ದೇ ಇಲ್ಲ.

ಚೈನಾಟೌನ್ ಕಾಂಪ್ಲೆಕ್ಸ್: ಎರಡನೇ ಮಹಡಿಯಲ್ಲಿ 200ಕ್ಕೂ ಹೆಚ್ಚು ಮಳಿಗೆಗಳು. ದೇಶದ ಅತಿ ದೊಡ್ಡ ಹಾಕರ್ ಸೆಂಟರ್ ಇದೇ. 2016ರಲ್ಲಿ ಸಿಂಗಾಪುರದ ಮೊದಲ ಮಿಷೆಲಿನ್ ಗೈಡ್ ಪ್ರಕಟವಾದಾಗ ಇಲ್ಲಿನ ಸೋಯಾ ಸಾಸ್ ಚಿಕನ್ ಮಳಿಗೆಯೊಂದಕ್ಕೆ ಸ್ಟಾರ್ ಸಿಕ್ಕಿತು. ಆಗ ಅಲ್ಲಿ ಒಂದು ತಟ್ಟೆಯ ಬೆಲೆ ಸುಮಾರು 2 ಡಾಲರ್! ಮುಂದೆ 2021ರಲ್ಲಿ ಆ ಸ್ಟಾರ್ ಕೈತಪ್ಪಿತು. ಅಂದರೆ ಪ್ರಶಸ್ತಿ ನೋಡಿ ಎರಡು ಗಂಟೆ ಸಾಲಿನಲ್ಲಿ ನಿಲ್ಲುವ ಬದಲು ಪಕ್ಕದ ಮಳಿಗೆಯನ್ನೂ ಒಮ್ಮೆ ನೋಡುವುದು ಜಾಣತನ.

ಲಾವ್ ಪಾ ಸಾತ್: ಹಣಕಾಸು ಕೇಂದ್ರದ ನಡುವೆ ಎಂಟು ಮೂಲೆಯ, ಎರಕದ ಕಬ್ಬಿಣದ ಹಳೆಯ ಮಾರುಕಟ್ಟೆ. 1894ರ ಕಟ್ಟಡ, ಈಗ ರಾಷ್ಟ್ರೀಯ ಸ್ಮಾರಕ. ಸಂಜೆ ಪಕ್ಕದ ಬೂನ್ ಟಾಟ್ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ ಮೇಜು ಹಾಕುತ್ತಾರೆ. ಕೆಂಡದ ಮೇಲೆ ಸುಡುವ ಸಾತೆ ಕಡ್ಡಿಗಳ ಹೊಗೆ ಇಡೀ ಬೀದಿಗೆ ಹರಡುತ್ತದೆ. ಬೆಲೆ ಬಡಾವಣೆಯ ಸೆಂಟರ್‌ಗಳಿಗಿಂತ ಸ್ವಲ್ಪ ಹೆಚ್ಚು.

ಗೇಲಾಂಗ್ ಸೆರಾಯ್: ಮಲಯ ಸಮುದಾಯದ ಹಳೆಯ ನೆಲೆ. ನಾಸಿ ಪಡಾಂಗ್, ತೆಂಗಿನ ಹಾಲಿನಲ್ಲಿ ಬೆಂದ ಅನ್ನದ ನಾಸಿ ಲೆಮಾಕ್, ಬಗೆಬಗೆಯ ಸಿಹಿ ಕುಯೆ ತಿನಿಸುಗಳು. ಮಂಗಳೂರು ಕಡೆಯವರಿಗೆ ತೆಂಗಿನಕಾಯಿಯ ಈ ಪರಿ ಬಳಕೆ ಮನೆಯ ನೆನಪು ತರಬಹುದು.

ಓಲ್ಡ್ ಏರ್‌ಪೋರ್ಟ್ ರೋಡ್, ಟಿಯಾಂಗ್ ಬಾರು: ಸ್ಥಳೀಯರು ವಾರಾಂತ್ಯಕ್ಕೆ ಕುಟುಂಬ ಸಮೇತ ಹೋಗುವ ಜಾಗಗಳು. ಪ್ರವಾಸಿಗರ ಗದ್ದಲ ಕಡಿಮೆ, ನೂಡಲ್ಸ್ ಪ್ರಿಯರಿಗೆ ಹಬ್ಬ.

ನ್ಯೂಟನ್: 'ಕ್ರೇಜಿ ರಿಚ್ ಏಷ್ಯನ್ಸ್' ಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಇನ್ನಷ್ಟು ಪ್ರಸಿದ್ಧ. ರಾತ್ರಿ ಸೀಫುಡ್ ಇಲ್ಲಿನ ಆಕರ್ಷಣೆ. ಆದರೆ ಎಚ್ಚರ ಬೇಕು. 2009ರಲ್ಲಿ ಇಲ್ಲಿನ ಮಳಿಗೆಯೊಂದು ಪ್ರವಾಸಿಗರ ಗುಂಪಿಗೆ 491 ಡಾಲರ್ ಬಿಲ್ ಮಾಡಿ ಅಮಾನತು ಶಿಕ್ಷೆ ಅನುಭವಿಸಿತ್ತು. ಸೀಗಡಿ, ಏಡಿಗೆ 'ಸೀಸನಲ್ ಪ್ರೈಸ್' ಎಂದು ಬರೆದಿದ್ದರೆ 100 ಗ್ರಾಂಗೆ ಎಷ್ಟು, ಒಟ್ಟು ಎಷ್ಟು ಗ್ರಾಂ, ಕೊನೆಗೆ ಬಿಲ್ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ.

ಸಸ್ಯಾಹಾರಿಗಳು ಏನು ಮಾಡಬೇಕು?

ಬಹಳ ಜನ ಕೇಳುವ ಪ್ರಶ್ನೆ ಇದು. ಇದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದು, ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆ ಮತ್ತು ಸುತ್ತಮುತ್ತ 1924ರ ಆನಂದ ಭವನ, 1947ರ ಕೋಮಲ ವಿಲಾಸ್‌ನಂಥ ಹಳೆಯ ಸಸ್ಯಾಹಾರಿ ಹೋಟೆಲ್‌ಗಳಿವೆ. ಬೆಂಗಳೂರಿನಲ್ಲಿ 1924ರಲ್ಲೇ ಶುರುವಾದ ಎಂಟಿಆರ್ ಕೂಡ 2013ರಲ್ಲಿ ಸೆರಂಗೂನ್ ರಸ್ತೆಯಲ್ಲಿ ಬಾಗಿಲು ತೆರೆಯಿತು. ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಹೋದವರು ರವೆ ಇಡ್ಲಿ, ಬಿಸಿಬೇಳೆ ಬಾತ್ ತಿಂದು ಬರಬಹುದು. ವಯಸ್ಸಾದವರು ಜೊತೆಗಿದ್ದರೆ ಇದು ನಿಶ್ಚಿಂತೆಯ ದಾರಿ.

ಎರಡನೆಯದು ಬಹಳ ಮಂದಿಗೆ ಗೊತ್ತಿಲ್ಲ. ಅದು ಚೀನೀ ಬೌದ್ಧ ಸಸ್ಯಾಹಾರ. ಹೆಚ್ಚಿನ ದೊಡ್ಡ ಹಾಕರ್ ಸೆಂಟರ್‌ಗಳಲ್ಲಿ 'ವೆಜಿಟೇರಿಯನ್' ಎಂದು ಫಲಕ ಹಾಕಿದ ಒಂದಾದರೂ ಚೀನೀ ಮಳಿಗೆ ಇರುತ್ತದೆ. ಬೆಳಗ್ಗೆ ಹುರಿದ ಅಕ್ಕಿ ಶಾವಿಗೆ, ಮಧ್ಯಾಹ್ನ ಅನ್ನದ ಜೊತೆ ತೋಫು, ಸೊಪ್ಪು, ಎಲೆಕೋಸು, ಅಣಬೆ. ಬೌದ್ಧ ಪದ್ಧತಿಯ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಬಳಸುವುದಿಲ್ಲ. ಈರುಳ್ಳಿ–ಬೆಳ್ಳುಳ್ಳಿ ಬಿಟ್ಟವರಿಗೆ ಲಿಟಲ್ ಇಂಡಿಯಾಕ್ಕಿಂತ ಇಂಥ ಮಳಿಗೆಯೇ ಹೆಚ್ಚು ಅನುಕೂಲವಾಗಬಹುದು. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನಲ್ಲಿ, ಅನೇಕ ಬೌದ್ಧರು ಸಸ್ಯಾಹಾರ ಮಾಡುವುದರಿಂದ ಅಲ್ಲಿ ಜನಜಂಗುಳಿ ಹೆಚ್ಚು.

ತಟ್ಟೆಯಲ್ಲಿ ಕೋಳಿ ತುಂಡು, ಮೀನಿನ ಹೋಳು ಕಂಡರೆ ಗಾಬರಿ ಬೇಡ. ಸೋಯಾ, ಗೋಧಿಯ ಅಂಟು, ಅಣಬೆಯಿಂದ ಮಾಡಿದ ಅಣಕು ಮಾಂಸ ಅದು. ಆದರೆ ಕೆಲವೆಡೆ ಮೊಟ್ಟೆ ಬಳಸುತ್ತಾರೆ, ಅದನ್ನು ಮಾತ್ರ ಕೇಳಿಕೊಳ್ಳಿ. ಮ್ಯಾಂಡರಿನ್‌ನಲ್ಲಿ 'ವೋ ಚ್ರ್ ಸೂ' ಎಂದರೆ 'ನಾನು ಸಸ್ಯಾಹಾರಿ' ಎಂದರ್ಥ. ತಮಿಳು ಮಳಿಗೆಗಳಲ್ಲಿ 'ಸೈವಂ' ಎಂದರೆ ಸಾಕು.

ಮೋಸ ಹೋಗುವುದು ಎಲ್ಲಿ?

ಬೇರೆ ಮಳಿಗೆಗಳಲ್ಲಿ ಬರೀ 'ವೆಜ್' ಎಂದರೆ ಕೆಲಸ ಆಗುವುದಿಲ್ಲ. 'ಮಾಂಸ ಹಾಕಬೇಡಿ' ಎಂದರೆ ಮಾಂಸದ ತುಂಡು ತೆಗೆಯುತ್ತಾರೆ, ಸಾರು ಅದೇ ಇರುತ್ತದೆ. 'ನೋ ಮೀಟ್, ನೋ ಫಿಶ್, ನೋ ಪ್ರಾನ್, ನೋ ಎಗ್, ನೋ ಆಯ್ಸ್ಟರ್ ಸಾಸ್' ಎಂದು ಬಿಡಿಸಿ ಹೇಳಬೇಕು. ಮುಖ್ಯವಾಗಿ ಇವುಗಳ ಬಗ್ಗೆ ಗೊತ್ತಿರಲಿ:

- ಕ್ಯಾರೆಟ್ ಕೇಕ್: ಇದರಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಅಲ್ಲ. ಮೂಲಂಗಿ ಮತ್ತು ಅಕ್ಕಿ ಹಿಟ್ಟಿನ ಕಡುಬನ್ನು ಮೊಟ್ಟೆಯ ಜೊತೆ ಹುರಿದದ್ದು. ಹಂದಿ ಕೊಬ್ಬು ಬಳಸುವವರೂ ಇದ್ದಾರೆ.
- ಲಕ್ಸಾ: ತೆಂಗಿನ ಹಾಲಿನ ಘಮ ಇದ್ದರೂ ಮಸಾಲೆಯಲ್ಲಿ ಒಣ ಸೀಗಡಿ ಇರುತ್ತದೆ.
- ರೊಜಾಕ್: ಹಣ್ಣು, ತರಕಾರಿಯ ಸಲಾಡ್. ಆದರೆ ಮೇಲೆ ಸುರಿಯುವ ಕಪ್ಪು ಸಾಸ್ ಸೀಗಡಿ ಪೇಸ್ಟಿನದು.
- ಸಂಬಾಲ್: ನಮ್ಮ ಕೆಂಪು ಚಟ್ನಿಯಂತೆ ಕಾಣುತ್ತದೆ. ಬಹುತೇಕ ಸಲ ಬೆಲಾಚಾನ್ ಎಂಬ ಸೀಗಡಿ ಪೇಸ್ಟ್ ಸೇರಿರುತ್ತದೆ.
- ನಾಸಿ ಲೆಮಾಕ್: ಅನ್ನ ಸರಿ, ಆದರೆ ಮೇಲೆ ಇಕಾನ್ ಬಿಲಿಸ್ ಎಂಬ ಹುರಿದ ಸಣ್ಣ ಮೀನು ಉದುರಿಸುತ್ತಾರೆ.
- ಪ್ರಾಟಾ: ಪರೋಟದ ಜೊತೆ ಬರುವ ಸಾರು ಮೀನಿನದೋ ಮಾಂಸದ್ದೋ ಆಗಿರಬಹುದು. ದಾಲ್ ಇದೆಯೇ ಎಂದು ಕೇಳಿ.
- ಕಾಯಾ ಟೋಸ್ಟ್: ತೆಂಗಿನ ಹಾಲಿನ ಜಾಮ್, ಅದರಲ್ಲಿ ಮೊಟ್ಟೆ ಇರುತ್ತದೆ.

ತೆಂಗಿನ ಹಾಲು, ಬೆಲ್ಲದ ಚೆಂಡೋಲ್, ಸೋಯಾ ಹಾಲಿನ ಬಿಸಿ ಬಿಸಿ ತಾವ್ ಹುವೇ, ಕಬ್ಬಿನ ಹಾಲು, ಹೆಚ್ಚಿದ ಹಣ್ಣು ಸಾಮಾನ್ಯವಾಗಿ ಸಸ್ಯಾಹಾರಿಗಳು ತಿನ್ನಬಹುದಾದವು.

ಮಾಂಸಾಹಾರಿಗಳಿಗೂ ಒಂದು ಮಾತು. ದನದ ಮಾಂಸ ತಿನ್ನದವರು ಮಲಯ ಮಳಿಗೆಗಳಲ್ಲಿ ರೆಂಡಾಂಗ್ ಯಾವುದರದ್ದು ಎಂದು ಕೇಳಬೇಕು. ಹಲಾಲ್ ಬೇಕಾದವರು ಸಿಂಗಾಪುರದ ಇಸ್ಲಾಮಿಕ್ ಮಂಡಳಿಯ ಪ್ರಮಾಣಪತ್ರ ನೋಡಬೇಕು. 'ನೋ ಪೋರ್ಕ್, ನೋ ಲಾರ್ಡ್' ಎಂಬ ಫಲಕ ಮಾಲೀಕರ ಮಾತು ಅಷ್ಟೇ, ಅದು ಹಲಾಲ್ ಪ್ರಮಾಣಪತ್ರ ಅಲ್ಲ.

ಕೂರುವ ಮೊದಲು ತಿಳಿದಿರಬೇಕಾದ್ದು

ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಯಾರೋ ಮರೆತು ಹೋದದ್ದಲ್ಲ. ಆ ಜಾಗ ಹಿಡಿದಿಟ್ಟಿದ್ದಾರೆ ಎಂದರ್ಥ. ಇದಕ್ಕೆ 'ಚೋಪ್' ಎನ್ನುತ್ತಾರೆ. ನಮ್ಮ ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕುವ ಪದ್ಧತಿಯೇ! ಕಾನೂನೇನಿಲ್ಲ, ಆದರೆ ಎಲ್ಲರೂ ಗೌರವಿಸುತ್ತಾರೆ.

ತಿಂದ ಮೇಲೆ ತಟ್ಟೆ, ಬಳಸಿದ ಟಿಶ್ಯೂ ಎಲ್ಲವನ್ನೂ ನೀವೇ ಟ್ರೇ ಇಡುವ ಕಪಾಟಿಗೆ ಒಯ್ಯಬೇಕು. ಇದು ಮಾತ್ರ ಕಾನೂನು. 2021ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಹಲಾಲ್ ಮತ್ತು ಇತರ ಟ್ರೇಗಳಿಗೆ ಬೇರೆ ಬೇರೆ ಕಪಾಟು ಇರುತ್ತವೆ, ಫಲಕ ನೋಡಿ ಇಡಿ.

ಪಾನೀಯದ ಮಳಿಗೆ ಬೇರೆ, ಊಟದ ಮಳಿಗೆ ಬೇರೆ. ಕಾಫಿಗೆ ಅಲ್ಲಿ 'ಕೋಪಿ' ಎನ್ನಬೇಕು. ಬರೀ ಕೋಪಿ ಎಂದರೆ ಕಂಡೆನ್ಸ್ಡ್ ಹಾಲು ಹಾಕಿದ ಗಟ್ಟಿ ಸಿಹಿ ಕಾಫಿ. 'ಕೋಪಿ ಓ' ಎಂದರೆ ಹಾಲಿಲ್ಲದ, ಸಕ್ಕರೆ ಇರುವ ಕಾಫಿ. 'ಕೋಪಿ ಸಿ' ಎಂದರೆ ಎವಾಪೊರೇಟೆಡ್ ಹಾಲಿನದು. 'ಸಿಯು ದಾಯ್' ಎಂದರೆ ಸಿಹಿ ಕಡಿಮೆ, 'ಕೊಸೊಂಗ್' ಎಂದರೆ ಸಕ್ಕರೆ ಬೇಡ. ಚಹಾ ಪ್ರಿಯರು ಶುಂಠಿ ಹಾಕಿದ 'ತೇ ಹಾಲಿಯಾ' ಕೇಳಬಹುದು.

ಮಧ್ಯಾಹ್ನ 12ರಿಂದ 1.30ರವರೆಗೆ ಕಚೇರಿಯವರ ನೂಕುನುಗ್ಗಲು. 11.30ಕ್ಕೇ ಹೋದರೆ ಒಳ್ಳೆಯದು. ಒಳ್ಳೆಯ ಮಳಿಗೆಗಳಲ್ಲಿ ಮಧ್ಯಾಹ್ನ ಎರಡು–ಮೂರು ಗಂಟೆಗೆ ಎಲ್ಲ ಖಾಲಿಯಾಗಿ ಶಟರ್ ಎಳೆಯುವುದೂ ಉಂಟು. ಸೋಮವಾರ ಹಲವು ಮಳಿಗೆಗಳಿಗೆ ರಜೆ. ಸ್ವಚ್ಛತೆಗಾಗಿ ಇಡೀ ಸೆಂಟರನ್ನೇ ಆಗಾಗ ಮುಚ್ಚುತ್ತಾರೆ. ಹೊರಡುವ ಮೊದಲು ತೆರೆದಿದೆಯೇ ಎಂದು ನೋಡಿಕೊಳ್ಳಿ.

ಹಣದ ಲೆಕ್ಕ

ಹಾಕರ್ ಮಳಿಗೆಯಲ್ಲಿ ಸಾಮಾನ್ಯವಾಗಿ ಫಲಕದ ಬೆಲೆಯೇ ಕೊನೆಯ ಬೆಲೆ. ಟಿಪ್ ಕೊಡುವ ರೂಢಿ ಇಲ್ಲ. ರೆಸ್ಟೋರೆಂಟ್‌ನಲ್ಲಿ ಹಾಗಲ್ಲ. ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಚಿಹ್ನೆ ಇದ್ದರೆ ಶೇ 10 ಸೇವಾ ಶುಲ್ಕ, ಅದರ ಮೇಲೆ ಶೇ 9 ಜಿಎಸ್‌ಟಿ ಸೇರುತ್ತದೆ. 20 ಡಾಲರ್ ಎಂದು ಬರೆದ ಊಟ ಬಿಲ್‌ನಲ್ಲಿ 23.98 ಡಾಲರ್ ಆಗುತ್ತದೆ. ನಾಲ್ವರ ಕುಟುಂಬಕ್ಕೆ ಇದು ಸುಮಾರು 96 ಡಾಲರ್. ಹಾಕರ್ ಸೆಂಟರ್‌ನಲ್ಲಿ ಅದೇ ನಾಲ್ವರು ಪಾನೀಯ ಸೇರಿ 30 ಡಾಲರ್ ಒಳಗೆ ಮುಗಿಸಬಹುದು.

ಕೈಯಲ್ಲಿ ಸ್ವಲ್ಪ ನಗದು ಇರಲಿ. ಭಾರತದ ಯುಪಿಐ ಮತ್ತು ಸಿಂಗಾಪುರದ ಪೇನೌ 2023ರ ಫೆಬ್ರುವರಿಯಲ್ಲಿ ಜೋಡಣೆಯಾಗಿರುವುದು ನಿಜ. ಆದರೆ ಅದು ಶುರುವಾದದ್ದು ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳಿಸುವುದಕ್ಕೆ. ಮಳಿಗೆಯಲ್ಲಿ ಕ್ಯೂಆರ್ ಕಂಡ ಮಾತ್ರಕ್ಕೆ ನಿಮ್ಮ ಯುಪಿಐ ನಡೆಯುತ್ತದೆ ಎಂದುಕೊಳ್ಳಬೇಡಿ.

ಇಷ್ಟು ಅಗ್ಗ ಹೇಗೆ? ಎಷ್ಟು ದಿನ?

ದುಬಾರಿ ನಗರದಲ್ಲಿ 5 ಡಾಲರ್ ಊಟ ತಾನಾಗಿ ಹುಟ್ಟಿದ್ದಲ್ಲ. ಬೀದಿಯಿಂದ ಬಂದ ಮೊದಲ ತಲೆಮಾರಿನ ಹಾಕರ್‌ಗಳಿಗೆ ಸರ್ಕಾರ ತಿಂಗಳಿಗೆ ಕೆಲವೇ ನೂರು ಡಾಲರ್ ರಿಯಾಯಿತಿ ಬಾಡಿಗೆ ನಿಗದಿ ಮಾಡಿತ್ತು. ಆಮೇಲೆ ಬಂದವರು ಟೆಂಡರ್‌ನಲ್ಲಿ ಕೂಗಬೇಕು. 2024ರಲ್ಲಿ ಮರೀನ್ ಪರೇಡ್‌ನ ಒಂದು ಮಳಿಗೆಗೆ ತಿಂಗಳಿಗೆ 10,000 ಡಾಲರ್ ಮೀರಿದ ಬಿಡ್ ಬಂದು ಚರ್ಚೆಯಾಗಿತ್ತು. ಎಲ್ಲ ಮಳಿಗೆಗಳೂ ಹೀಗಿಲ್ಲ, ಆದರೆ ಒಂದೇ ಸೂರಿನಡಿ ಅಕ್ಕಪಕ್ಕದ ಇಬ್ಬರು ಕೊಡುವ ಬಾಡಿಗೆ ಅಜಗಜಾಂತರ ಇರಬಹುದು.

ದೊಡ್ಡ ಸಮಸ್ಯೆ ವಯಸ್ಸು. ಹಾಕರ್‌ಗಳ ಮಧ್ಯಕ ವಯಸ್ಸು 60ರ ಆಸುಪಾಸಿನಲ್ಲಿದೆ. ನಸುಕಿಗೇ ಎದ್ದು ಸಾರು ಕುದಿಸಿ, ಬೆಂಕಿಯ ಮುಂದೆ ಹತ್ತು–ಹನ್ನೆರಡು ಗಂಟೆ ನಿಲ್ಲುವ ಕೆಲಸ ಇದು. ಓದಿದ ಮಕ್ಕಳು ಬರುತ್ತಿಲ್ಲ, ಬರಲಿ ಎಂದು ಎಷ್ಟೋ ತಂದೆ–ತಾಯಂದಿರಿಗೂ ಆಸೆಯಿಲ್ಲ. ಮಳಿಗೆ ನಡೆಸಲು ಸಿಂಗಾಪುರದ ಪ್ರಜೆ ಅಥವಾ ಕಾಯಂ ನಿವಾಸಿಯೇ ಆಗಿರಬೇಕು. ಸಹಾಯಕರಾಗಿ ದೀರ್ಘಾವಧಿ ಪಾಸ್ ಇರುವವರನ್ನು ಇಟ್ಟುಕೊಳ್ಳಲು 2025ರ ಜನವರಿಯಿಂದಷ್ಟೇ ಅವಕಾಶ ಸಿಕ್ಕಿದೆ. ಹಿರಿಯ ಹಾಕರ್‌ಗಳ ಕೈರುಚಿಯನ್ನು ಹೊಸಬರಿಗೆ ದಾಟಿಸಲು 2022ರಲ್ಲಿ ಸರ್ಕಾರ ಒಂದು ಉತ್ತರಾಧಿಕಾರಿ ಯೋಜನೆಯನ್ನೂ ತಂದಿತು.

ಇನ್ನೊಂದು ಗಂಟು ಬೆಲೆಯದ್ದೇ. ಹಾಕರ್ ಊಟ ಅಗ್ಗವಾಗಿರಲೇಬೇಕು ಎಂದು ಜನ ಬಯಸುತ್ತಾರೆ. ಅಕ್ಕಿ, ಎಣ್ಣೆ, ವಿದ್ಯುತ್ ದರ ಏರಿದರೂ ಮಳಿಗೆಯವರು 50 ಸೆಂಟ್ ಹೆಚ್ಚಿಸಲು ಹಿಂಜರಿಯುತ್ತಾರೆ. ಬೆಲೆ ಏರಿಸಿದರೆ ಬಡವರಿಗೆ, ಒಂಟಿ ವೃದ್ಧರಿಗೆ ನಿತ್ಯದ ಊಟ ಕಷ್ಟ. ಏರಿಸದಿದ್ದರೆ ಹೊಸಬರು ಈ ಕಸುಬಿಗೆ ಬರುವುದಿಲ್ಲ. ಯುನೆಸ್ಕೊ ಮಾನ್ಯತೆ ಸಿಕ್ಕರೂ ಈ ಗಂಟು ಬಿಚ್ಚಿಕೊಂಡಿಲ್ಲ.

ಒಂದು ದಿನದ ಊಟದ ಯೋಜನೆ

ಬೆಳಗ್ಗೆ ಟೆಕ್ಕಾದಲ್ಲಿ ದೋಸೆ ಅಥವಾ ಪ್ರಾಟಾ, ಜೊತೆಗೆ ತೇ ಹಾಲಿಯಾ. ಮಧ್ಯಾಹ್ನ 11.30ಕ್ಕೆ ಮ್ಯಾಕ್ಸ್‌ವೆಲ್ ಅಥವಾ ಚೈನಾಟೌನ್ ಕಾಂಪ್ಲೆಕ್ಸ್. ಮಾಂಸಾಹಾರಿಗಳಿಗೆ ಚಿಕನ್ ರೈಸ್, ಸಸ್ಯಾಹಾರಿಗಳಿಗೆ ಬೌದ್ಧ ಮಳಿಗೆಯ ಅನ್ನ–ತೋಫು. ಸಂಜೆ ಬಿಸಿಲು ಇಳಿದ ಮೇಲೆ ಚೆಂಡೋಲ್. ರಾತ್ರಿ ಲಾವ್ ಪಾ ಸಾತ್‌ನಲ್ಲಿ ಸಾತೆ, ಅಥವಾ ಲಿಟಲ್ ಇಂಡಿಯಾದಲ್ಲಿ ಸಸ್ಯಾಹಾರಿ ಊಟ. ಒಬ್ಬರಿಗೆ ದಿನದ ಖರ್ಚು 20–25 ಡಾಲರ್‌ನಲ್ಲಿ ಮುಗಿದೀತು.

ಮಳಿಗೆ ಆರಿಸುವಾಗ ಪ್ರವಾಸಿಗರ ಕ್ಯಾಮೆರಾಗಳಿಗಿಂತ ಸ್ಥಳೀಯರ ಸಾಲನ್ನು ನೋಡಿ. ಮಳಿಗೆಗೆ ಸಿಕ್ಕಿರುವ ಸ್ವಚ್ಛತೆಯ ಎ, ಬಿ, ಸಿ ಶ್ರೇಣಿಯ ಫಲಕ ಎದುರಿಗೇ ಇರುತ್ತದೆ. ಕೌಂಟರ್ ಹಿಂದೆ ವಯಸ್ಸಾದ ದಂಪತಿ ಇದ್ದು, ಮೆನುವಿನಲ್ಲಿ ಎರಡೇ ತಿನಿಸು ಇದ್ದರೆ ಅಲ್ಲಿಗೇ ಹೋಗಿ. ಮುಂದಿನ ಸಲ ನೀವು ಹೋಗುವಾಗ ಆ ಮಳಿಗೆ ಇರುತ್ತದೆ ಎಂದು ಹೇಳಲಾಗದು.